ಡಿಫೆನ್ಸ್ ಭರ್ಜರಿ, ಸ್ಕೋರ್ ಮಾತ್ರ 35 ದಾಟಲ್ಲ. ಎಲ್ಲಿ ತಪ್ಪುತ್ತಿದ್ದೇವೆ?

ನವನಗರ ಗಾರ್ಡ್:

ಬಾಗಲಕೋಟೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಿದ್ದೇನೆ. ಕಾಲೇಜಿನ ಹೆಸರು ಬೇಡ, ನಮ್ಮ ಜೂನಿಯರ್‌ಗಳೂ ಇಲ್ಲಿ ಇಣುಕುತ್ತಾರೆ. ಹುಡುಗರ ಬಾಸ್ಕೆಟ್‌ಬಾಲ್ ಟೀಮಿಗೆ ಈ ವರ್ಷ ನಾನು ಕ್ಯಾಪ್ಟನ್. ಹೆಮ್ಮೆ ಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯುತ್ತಿಲ್ಲ.

ಈ ಸೀಸನ್‌ನಲ್ಲಿ ಫ್ರೆಂಡ್ಲಿ ಸೇರಿಸಿ ಐದು ಮ್ಯಾಚ್ ಆಡಿದ್ದೇವೆ. ಯಾವ ಟೀಮೂ ನಮ್ಮ ಮೇಲೆ 45 ದಾಟಿಲ್ಲ. ಬೆಳಗಾವಿಯಿಂದ ಬಂದ ಒಂದು ಟೀಮು, ಎಲ್ಲರೂ ಹೆದರುವಂಥದ್ದು, ಅವರನ್ನೇ 38ಕ್ಕೆ ನಿಲ್ಲಿಸಿದೆವು. ಆದರೂ ಐದರಲ್ಲಿ ನಾಲ್ಕು ಸೋತಿದ್ದೇವೆ. ನಾವು ಹಾಕಿದ್ದು 31, 34, 33, 29. ಗೆದ್ದ ಒಂದೇ ಒಂದು ಮ್ಯಾಚಿನಲ್ಲೂ 35–32. ನೋಡೋಕೆ ಬಂದವರು ಅರ್ಧಕ್ಕೇ ಎದ್ದು ಹೋಗುತ್ತಾರೆ, ಅವರ ತಪ್ಪಲ್ಲ ಬಿಡಿ.

ಡಿಫೆನ್ಸ್ ಯಾಕೆ ಚೆನ್ನಾಗಿದೆ ಅಂತ ನನಗೆ ಗೊತ್ತು. ನಮ್ಮಲ್ಲಿ ಇಬ್ಬರು ಮೊದಲು ಕಬಡ್ಡಿ ಆಡುತ್ತಿದ್ದವರು, ಒಬ್ಬ ಖೋ ಖೋ. ಎದುರಿನವನ ಸೊಂಟ ನೋಡಿಕೊಂಡು ಕಾಲು ಇಡುವುದು ಅವರಿಗೆ ಹುಟ್ಟಿನಿಂದಲೇ ಬಂದಿದೆ. ಮ್ಯಾನ್ ಟು ಮ್ಯಾನ್ ಆಡುತ್ತೇವೆ, ಯಾರೂ ಸುಮ್ನೆ ನಿಲ್ಲುವುದಿಲ್ಲ. ಬಾಲ್ ನಮ್ಮ ಕೈಗೆ ಬಂದ ಕೂಡಲೇ ಏನೋ ಆಗುತ್ತದೆ. ನಾನು ನಿಧಾನ ಡ್ರಿಬಲ್ ಮಾಡಿಕೊಂಡು ತರುತ್ತೇನೆ, ಒಂದು ಪಾಸ್, ಇನ್ನೊಂದು ಪಾಸ್, ಆಮೇಲೆ ಎಲ್ಲರೂ ನಮ್ಮ ಸೀನಿಯರ್ ಒಬ್ಬನ ಮುಖ ನೋಡುತ್ತಾರೆ. ಆರು ಅಡಿ ಎರಡು ಇಂಚು ಇದ್ದಾನೆ. ಅವನ ಮೇಲೆ ಇಬ್ಬರು ಬೀಳುತ್ತಾರೆ. ಬಾಲ್ ಹೊರಗೆ ಬರುತ್ತದೆ, ಯಾರೋ ದೂರದ ಗೆರೆಯ ಹೊರಗಿಂದ ತ್ರೀ (ಮೂರು ಪಾಯಿಂಟಿನ ಶಾಟ್) ಹೊಡೆಯುತ್ತಾರೆ, ರಿಂಗಿನ ಮುಂಭಾಗಕ್ಕೆ ಬಡಿದು ವಾಪಸ್.

ನಮ್ಮ ಪಿಟಿ ಸರ್ ಒಳ್ಳೆಯವರು. ಆದರೆ ಕ್ರಿಕೆಟ್‌ನಿಂದ ಚೆಸ್‌ವರೆಗೆ ಎಲ್ಲಾ ಅವರೊಬ್ಬರೇ ನೋಡಬೇಕು. "ಶೂಟಿಂಗ್ ಸುಧಾರಿಸ್ರಿ" ಅಂದರು. ಒಂದು ತಿಂಗಳಿಂದ ದಿನಾ ಸಂಜೆ ಒಬ್ಬೊಬ್ಬರು ನೂರು ತ್ರೀ ಹೊಡೆಯುತ್ತಿದ್ದೇವೆ. ಪ್ರಾಕ್ಟೀಸಿನಲ್ಲಿ ಬೀಳುತ್ತವೆ. ಮ್ಯಾಚಿನಲ್ಲಿ ಬೀಳಲ್ಲ. ಝೋನಲ್ ಟೂರ್ನಿಗೆ ಇನ್ನು ಐದು ವಾರ ಇದೆ. ಏನು ಮಾಡಬೇಕು ಹೇಳಿ.

ಮುಧೋಳ ಎಕ್ಸ್‌ಪ್ರೆಸ್:

ವಿಜಯಪುರಕ್ಕೆ ಹೋಗಿ ಗೋಳಗುಮ್ಮಟದ ಒಳಗೆ ಮ್ಯಾಚ್ ಇಟ್ಟುಕೊಳ್ಳಿ ದೋಸ್ತ. ಒಂದು ಬಾಸ್ಕೆಟ್ ಹಾಕಿದರೆ ಏಳು ಸಲ ಕೇಳಿಸುತ್ತದೆ.

ಹಳೇ ಪೋಸ್ಟ್:

ಮೇಲಿನವನ ಮಾತು ಬಿಡು ತಮ್ಮಾ. ನಾನು ವಿಜಯಪುರದವನು, ಹದಿನೈದು ವರ್ಷದ ಹಿಂದೆ ಕಾಲೇಜಿಗೆ ಆಡಿದವನು, ಈಗ ಬ್ಯಾಂಕಿನಲ್ಲಿ ಕೂತು ಹೊಟ್ಟೆ ಬೆಳೆಸಿದ್ದೇನೆ. ನಿನ್ನ ಪೋಸ್ಟಿನಲ್ಲಿ ನನಗೆ ಚುಚ್ಚಿದ್ದು ಒಂದೇ ಮಾತು. "ನಾನು ನಿಧಾನ ಡ್ರಿಬಲ್ ಮಾಡಿಕೊಂಡು ತರುತ್ತೇನೆ" ಅಂದೆಯಲ್ಲ, ಅದು. ಯಾಕೆ ನಿಧಾನ? ಕಷ್ಟಪಟ್ಟು ಬಾಲ್ ಕಿತ್ತುಕೊಂಡಿದ್ದೀರಿ. ಎದುರಿನವರು ಮುಂದೆ ನುಗ್ಗಿದವರು ಇನ್ನೂ ತಿರುಗಿಲ್ಲ. ಅವರ ರಿಂಗಿನ ಹತ್ತಿರ ಒಬ್ಬನೋ ಇಬ್ಬರೋ ಇರುತ್ತಾರೆ ಅಷ್ಟೇ. ಆ ಮೂರು ನಾಲ್ಕು ಸೆಕೆಂಡು ಬಿಟ್ಟುಕೊಟ್ಟು, ಐದೂ ಜನ ಬಂದು ಸಾಲಾಗಿ ನಿಂತ ಮೇಲೆ ಹೋಗಿ ಗೋಡೆಗೆ ಗುದ್ದುತ್ತೀಯ.

ಅರ್ಧ ಕೋರ್ಟಿನಲ್ಲಿ ಕಟ್ಟಿ ಆಡುವುದಕ್ಕೆ ಕೈಚಳಕ ಬೇಕು, ವರ್ಷಗಟ್ಟಲೆ ಜೊತೆಗೆ ಆಡಿರಬೇಕು. ನಿಮಗೆ ಐದು ವಾರ ಇದೆ. ಓಡುವುದಕ್ಕೆ ಕಾಲಿದ್ದರೆ ಸಾಕು, ಕಬಡ್ಡಿ ಹುಡುಗರಿಗೆ ಅದು ಇದೆ. ಡಿಫೆನ್ಸ್ ಚೆನ್ನಾಗಿರುವ ಟೀಮಿಗೆ ಎಲ್ಲಕ್ಕಿಂತ ಸುಲಭದ ಪಾಯಿಂಟು ಅಂದರೆ ಕಿತ್ತುಕೊಂಡು ಓಡಿ ರಿಂಗಿನ ಕೆಳಗಿಂದ ಹಾಕುವ ಲೇಅಪ್.

1950ರಲ್ಲಿ ಅಮೆರಿಕದ ಎನ್‌ಬಿಎಯಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ಟೀಮು ಮಿನಿಯಾಪೊಲಿಸ್ ಲೇಕರ್ಸ್ ಮೇಲೆ ಗೆದ್ದದ್ದು 19–18ರಿಂದ. ಪೂರ್ತಿ 48 ನಿಮಿಷದ ಮ್ಯಾಚು. ಬಾಲ್ ಹಿಡಿದುಕೊಂಡು ನಿಂತೇ ಗೆದ್ದರು. ಟಿಕೆಟ್ ತೆಗೆದುಕೊಂಡು ಬಂದವರು ಬೈದುಕೊಂಡು ಹೋದರಂತೆ. ನಾಲ್ಕು ವರ್ಷದ ನಂತರ 1954ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ತಂದರು, ಅಷ್ಟರೊಳಗೆ ಶಾಟ್ ಹೊಡೆಯಲೇಬೇಕು. ಈಗ ಆ ದಾರಿಯೂ ಇಲ್ಲ. ಓಡಿ.

ನಿವೃತ್ತ ಪಿಟಿ, ಟಿಳಕವಾಡಿ:

ಬ್ಯಾಂಕಿನ ಸಾಹೇಬರ ಮಾತಿಗೆ ನನ್ನ ಅರ್ಧ ಒಪ್ಪಿಗೆ ಇದೆ. ಇನ್ನರ್ಧ ಇಲ್ಲ. ಓಡಿ ಓಡಿ ಅಂತ ಹೇಳಿ ಬಿಟ್ಟರೆ ಏನಾಗುತ್ತದೆ ಅಂತ ಮೂವತ್ತು ವರ್ಷ ನೋಡಿದ್ದೇನೆ. ಹುಡುಗರು ತಲೆ ಬಗ್ಗಿಸಿ ಓಡುತ್ತಾರೆ, ಎಡಗೈ ಲೇಅಪ್ ಬರಲ್ಲ, ಎಡಗಡೆಯಿಂದ ಹೋದರೂ ಬಲಗೈಯಲ್ಲೇ ಎತ್ತುತ್ತಾರೆ, ಬಾಲ್ ಬೋರ್ಡಿನ ಹಿಂದೆ ಹೋಗಿ ಬೀಳುತ್ತದೆ. ಕಿತ್ತುಕೊಂಡ ಬಾಲ್ ಮತ್ತೆ ಅವರ ಕೈಗೆ. ಮೊದಲು ಎರಡೂ ಕೈಯಲ್ಲಿ ಲೇಅಪ್ ಹಾಕಲು ಬರುತ್ತದಾ ತಮ್ಮಾ? ಟೀಮಿನಲ್ಲಿ ಎಷ್ಟು ಜನಕ್ಕೆ? ನಾಚಿಕೆ ಬಿಟ್ಟು ಹೇಳು.

ಇನ್ನೊಂದು ಪ್ರಶ್ನೆ. ಪ್ರಾಕ್ಟೀಸಿನಲ್ಲಿ ಬೀಳುವ ತ್ರೀ ಮ್ಯಾಚಿನಲ್ಲಿ ಬೀಳಲ್ಲ, ರಿಂಗಿನ ಮುಂಭಾಗಕ್ಕೇ ಬಡಿಯುತ್ತದೆ ಅಂದೆ. ಎಡಕ್ಕೂ ಬಲಕ್ಕೂ ಅಲ್ಲ, ಮುಂಭಾಗಕ್ಕೆ. ಅಂದರೆ ಬಾಲ್ ಗಿಡ್ಡ ಆಗುತ್ತಿದೆ. ನಿಮ್ಮ ಕೋರ್ಟ್ ಎಷ್ಟು ಹಳೆಯದು? ರಿಂಗಿನ ಕೆಳಗೆ ಬಳಿದಿರುವ ಕೀ ಯಾವ ಆಕಾರದಲ್ಲಿದೆ, ನೇರ ಡಬ್ಬಿಯ ಹಾಗಾ, ಅಥವಾ ಕೆಳಗೆ ಅಗಲ ಆಗಿ ಲಂಗದ ಹಾಗಾ? ನೋಡಿ ಹೇಳು. ಸುಮ್ನೆ ಕೇಳುತ್ತಿಲ್ಲ.

ಟೇಬಲ್ ಅಕ್ಕ:

ನಾನು ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಆಡಿದವಳು. ಈಗ ಬೆಳಗಾವಿ ಕಡೆ ಟೂರ್ನಿ ಇದ್ದಾಗ ಟೇಬಲ್ ಮೇಲೆ ಸ್ಕೋರ್ ಶೀಟ್ ಬರೆಯಲು ಕೂರುತ್ತೇನೆ. ಹುಡುಗರೆಲ್ಲಾ ಒಂದೇ ಮಾತು ಹೇಳುತ್ತಾರೆ, "ಶೂಟಿಂಗ್ ಸರಿ ಇಲ್ಲ ಅಕ್ಕಾ". ಶೀಟ್ ನೋಡಿದರೆ ಕತೆಯೇ ಬೇರೆ ಇರುತ್ತದೆ.

ಒಂದು ಕೆಲಸ ಮಾಡಪ್ಪ. ಯಾವುದಾದರೂ ಒಂದು ಮ್ಯಾಚಿನ ವಿಡಿಯೋ ಇದ್ದರೆ ಕೂತು ಎಣಿಸು. ಬಾಲ್ ನಿಮ್ಮ ಕೈಗೆ ಎಷ್ಟು ಸಲ ಬಂತು. ಅದರಲ್ಲಿ ಶಾಟ್ ಹೊಡೆಯದೇ ಎಷ್ಟು ಸಲ ಕಳೆದುಕೊಂಡಿರಿ, ಹೇಗೆ ಕಳೆದುಕೊಂಡಿರಿ. ರಿಂಗಿನ ಕೆಳಗಿಂದ ಎಷ್ಟು, ಮಧ್ಯದಿಂದ ಎಷ್ಟು, ತ್ರೀ ಎಷ್ಟು, ಎದುರಿನವರ ಫೌಲ್‌ಗೆ ಸಿಗುವ ಫ್ರೀ ಥ್ರೋ ಎಷ್ಟು. ಕಿತ್ತುಕೊಂಡ ಬಾಲ್‌ನಿಂದ ನೇರವಾಗಿ ಪಾಯಿಂಟು ಬಂದದ್ದು ಎಷ್ಟು. ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಎಕ್ಸೆಲ್ ಎಲ್ಲಾ ಬೇಡ. ಎಣಿಸದೆ ಇಲ್ಲಿ ನಾವು ಎಷ್ಟು ಬರೆದರೂ ಅದು ಕತ್ತಲಲ್ಲಿ ಬಾಲ್ ಎಸೆದ ಹಾಗೆ.

ಮುಧೋಳ ಎಕ್ಸ್‌ಪ್ರೆಸ್:

ಅಕ್ಕಾ, ಅವನಿಗೆ ಎಣಿಸೋಕೆ ಜಾಸ್ತಿ ಹೊತ್ತು ಬೇಕಾಗಲ್ಲ, 31 ತಾನೇ.

ಹಳೇ ಪೋಸ್ಟ್:

@ನಿವೃತ್ತ ಪಿಟಿ ಸರ್, ಎಡಗೈ ಲೇಅಪ್ ವಿಷಯ ಒಪ್ಪಿದೆ, ನನಗೇ ಬರುತ್ತಿರಲಿಲ್ಲ. ಆದರೆ ಲೇಅಪ್ ಬರಲಿ ಆಮೇಲೆ ಓಡೋಣ ಅಂದರೆ ಡಿಗ್ರಿ ಮುಗಿದು ಹೋಗುತ್ತದೆ. ಓಡುತ್ತಾ ಕಲಿಯಲಿ.

ನವನಗರ ಗಾರ್ಡ್:

ಕ್ಷಮಿಸಿ, ಇಂಟರ್ನಲ್ಸ್ ಇತ್ತು, ತಡವಾಯಿತು. ಅಕ್ಕಾ, ನೀವು ಹೇಳಿದ ಹಾಗೆ ಎಣಿಸಿದೆ. ಬೆಳಗಾವಿ ಟೀಮಿನ ಮೇಲೆ 38–31ರಿಂದ ಸೋತ ಮ್ಯಾಚು, ಒಬ್ಬ ಜೂನಿಯರ್ ಮೆಟ್ಟಿಲ ಮೇಲೆ ಕೂತು ಮೊಬೈಲಿನಲ್ಲಿ ಪೂರ್ತಿ ಹಿಡಿದಿದ್ದ. ಮಧ್ಯೆ ಎರಡು ಸಲ ತನ್ನ ಮುಖವನ್ನೇ ಹಿಡಿದಿದ್ದಾನೆ, ಇರಲಿ.

ಬಾಲ್ ನಮ್ಮ ಕೈಗೆ ಬಂದದ್ದು 66 ಸಲ. ಅದರಲ್ಲಿ ಶಾಟ್ ಹೊಡೆಯದೇ ಕಳೆದುಕೊಂಡದ್ದು 23 ಸಲ! ಮೂರು ಸಲ ಎಣಿಸಿದೆ, ಅಷ್ಟೇ ಬಂತು. 11 ಸಲ ಪಾಸ್ ಮಧ್ಯದಲ್ಲೇ ಹಿಡಿದರು, 5 ಟ್ರಾವೆಲ್ (ಡ್ರಿಬಲ್ ಮಾಡದೆ ಹೆಜ್ಜೆ ಹಾಕಿದ್ದು), ನಮ್ಮ ಎತ್ತರದ ಹುಡುಗನ ಮೇಲೆ ಮೂರು ಸೆಕೆಂಡು (ಎದುರಿನವರ ಕೀ ಒಳಗೆ ಅದಕ್ಕಿಂತ ಜಾಸ್ತಿ ನಿಂತ ತಪ್ಪು) 3 ಸಲ, ಅರ್ಧ ಕೋರ್ಟ್ ದಾಟಲು ಎಂಟು ಸೆಕೆಂಡು ಮೀರಿದ್ದು 2 (ಎರಡೂ ನನ್ನವೇ), ಉಳಿದ 2 ಕೈಜಾರಿ ಹೊರಗೆ ಹೋದವು.

ತ್ರೀ ಹೊಡೆದದ್ದು 17, ಬಿದ್ದದ್ದು 2. ರಿಂಗಿನ ಕೆಳಗಿಂದ 12ಕ್ಕೆ 7. ಅದರ ಹೊರಗೆ ತ್ರೀ ಗೆರೆಯ ಒಳಗೆ ಮಧ್ಯದಿಂದ 15ಕ್ಕೆ 2. ಫ್ರೀ ಥ್ರೋ 14ಕ್ಕೆ 7. ನಾವು ಕಿತ್ತುಕೊಂಡದ್ದು 14 ಸಲ, ಅದರಿಂದ ನೇರವಾಗಿ ಬಾಸ್ಕೆಟ್ ಆದದ್ದು 3 ಸಲ ಮಾತ್ರ. ಉಳಿದ ಸಲ ನಾನು ಕೈ ಎತ್ತಿ "ಸೆಟ್ ಸೆಟ್" ಅಂತ ಕೂಗುತ್ತಾ ನಿಂತಿದ್ದೇನೆ. ವಿಡಿಯೋದಲ್ಲಿ ನನ್ನ ದನಿ ಕೇಳಿ ನನಗೇ ಬೇಜಾರಾಯಿತು.

ಸರ್, ನಮ್ಮ ಕೀ ಲಂಗದ ಹಾಗಿದೆ, ಕೆಳಗೆ ಅಗಲ. ಎಡಗೈ ಲೇಅಪ್ ಹನ್ನೆರಡು ಜನರಲ್ಲಿ ಸರಿಯಾಗಿ ಬರುವುದು ಇಬ್ಬರಿಗೆ. ಆ ಇಬ್ಬರಲ್ಲಿ ಒಬ್ಬ ಎಡಚ.

ನಿವೃತ್ತ ಪಿಟಿ, ಟಿಳಕವಾಡಿ:

ಅಲ್ಲೇ ಸಿಕ್ಕಿತು ನೋಡು ತಮ್ಮಾ. ನಿಮ್ಮ ಕೋರ್ಟಿನ ಗೆರೆಗಳು ಹಳೇ ಕಾಲದವು.

2010ರಲ್ಲಿ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಎರಡು ಗೆರೆ ಬದಲಾಯಿಸಿತು. ಮೊದಲು ತ್ರೀ ಗೆರೆ ರಿಂಗಿನಿಂದ 6.25 ಮೀಟರ್ ಇತ್ತು, ಅದನ್ನು 6.75 ಮಾಡಿದರು. ಕೀ ಕೆಳಗೆ 6 ಮೀಟರ್ ಅಗಲ, ಫ್ರೀ ಥ್ರೋ ಗೆರೆಯ ಹತ್ತಿರ 3.6 ಮೀಟರ್ ಇತ್ತು, ನೀನು ಹೇಳಿದ ಲಂಗದ ಆಕಾರ. ಈಗ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ 4.9 ಮೀಟರ್. ನಮ್ಮ ಕಡೆ ಎಷ್ಟೋ ಕಾಲೇಜಿನಲ್ಲಿ ಸಿಮೆಂಟ್ ಕೋರ್ಟ್ ಹಾಕಿಸಿದ ದಿನ ಬಳಿದ ಬಣ್ಣವೇ ಇವತ್ತಿಗೂ ಇದೆ. ಯಾರೂ ಮುಟ್ಟಿಲ್ಲ.

ಇದರಿಂದ ಏನಾಗಿದೆ ಅಂದರೆ, ನೀವು ದಿನಾ ನೂರು ತ್ರೀ ಹೊಡೆಯುತ್ತಿರುವುದು ಅರ್ಧ ಮೀಟರ್ ಒಳಗಿನಿಂದ. ಒಂದು ಮೊಳಕ್ಕಿಂತ ಜಾಸ್ತಿ. ಮೈಗೆ ಆ ದೂರವೇ ಅಭ್ಯಾಸ ಆಗಿದೆ. ಮ್ಯಾಚಿನಲ್ಲಿ ಗೆರೆ ಹಿಂದೆ ಹೋಗಿದೆ, ಕೈ ಮಾತ್ರ ಹಳೇ ಅಳತೆಗೇ ಎಸೆಯುತ್ತಿದೆ. ಮುಂಭಾಗಕ್ಕೆ ಬಡಿಯದೆ ಇನ್ನೇನಾಗಬೇಕು?

ಆ ಮೂರು ಸೆಕೆಂಡಿನ ತಪ್ಪೂ ಇಲ್ಲಿಂದಲೇ ಬಂದಿರಬಹುದು. ನಿಮ್ಮ ಎತ್ತರದ ಹುಡುಗ ಫ್ರೀ ಥ್ರೋ ಗೆರೆಯ ತುದಿಯಲ್ಲಿ ನಿಂತು ಬಾಲ್ ಕೇಳುತ್ತಾನಾ? ನಿಮ್ಮ ಕೋರ್ಟಿನಲ್ಲಿ ಅವನು ನಿಲ್ಲುವ ಜಾಗ ಕೀ ಹೊರಗೆ. ಹೊಸ ಗೆರೆ ಇರುವ ಕಡೆ ಅದೇ ಜಾಗ ಕೀ ಒಳಗೆ. ಅವನಿಗೆ ಗೊತ್ತೇ ಆಗಿರಲ್ಲ. ಕೆಳಗೆ ಇದಕ್ಕೆ ಉಲ್ಟಾ. ಹಳೇ ಗೆರೆಗೆ ಹೆದರಿ ರಿಂಗಿನಿಂದ ಮೊಳ ದೂರ ನಿಂತು ಬಾಲ್ ಹಿಡಿಯುತ್ತಾನೆ, ಹೊಸ ಗೆರೆ ಪ್ರಕಾರ ಇನ್ನೂ ಹತ್ತಿರ ನಿಲ್ಲಬಹುದಿತ್ತು. ಹೊರಗೆ ನಿಲ್ಲಬೇಕಾದ ಕಡೆ ಒಳಗೆ, ಒಳಗೆ ಹೋಗಬೇಕಾದ ಕಡೆ ಹೊರಗೆ.

ಟೇಪ್ ತೆಗೆದುಕೊಂಡು ಅಳೆ. ರಿಂಗಿನ ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡು, ನೆಲ ಮುಟ್ಟಿದ ಜಾಗದಿಂದ ಗೆರೆಯ ಹೊರ ಅಂಚಿಗೆ ಎಷ್ಟಿದೆ ನೋಡು. ಹಾಗೇ ರಿಂಗಿನ ಎತ್ತರವನ್ನೂ ನೋಡಿಬಿಡು, 3.05 ಮೀಟರ್ ಇರಬೇಕು. ನೆಲ ಮೇಲೆ ಮೇಲೆ ಸಿಮೆಂಟ್ ಹಾಕಿ ಏರಿದ್ದರೆ ಅದೂ ಕಡಿಮೆ ಇರುತ್ತದೆ.

ಟೇಬಲ್ ಅಕ್ಕ:

ಸರ್, ನಿಮಗೆ ದೊಡ್ಡ ನಮಸ್ಕಾರ. ಮೂರು ಸೆಕೆಂಡು ಅಂತ ಬರೆದು ಬರೆದು ಸುಸ್ತಾಗಿದ್ದೇನೆ, ಕಾರಣ ಇದಿರಬಹುದು ಅಂತ ಹೊಳೆದೇ ಇರಲಿಲ್ಲ.

ಆದರೂ ಗಾರ್ಡ್ ತಮ್ಮಾ, ಎಲ್ಲಾ ಗೆರೆಯ ಮೇಲೆ ಹಾಕಿ ನೀನು ಪಾರಾಗಬೇಡ. ನಿನ್ನ ಲೆಕ್ಕ ಇನ್ನೊಂದು ಸಲ ನೋಡು. ಸೋತದ್ದು 7ರಿಂದ. ಬಿಟ್ಟ ಫ್ರೀ ಥ್ರೋ 7. ಆ ಗೆರೆ ಯಾರೂ ಸರಿಸಿಲ್ಲ, ಎದುರಿಗೆ ಯಾರೂ ಕೈ ಎತ್ತಿ ನಿಂತಿರಲ್ಲ. ಇನ್ನು ಆ 23. ನೀವು ಬಾಲ್ ಹಿಡಿದಾಗೆಲ್ಲಾ ಮೂರರಲ್ಲಿ ಒಂದು ಸಲ ಶಾಟೇ ಇಲ್ಲ. 11 ಪಾಸ್ ಹಿಡಿದರು ಅಂದೆಯಲ್ಲ, ಆ ಹನ್ನೊಂದನ್ನೂ ಮತ್ತೆ ಹಾಕಿ ನೋಡು, ಪಾಸ್ ತೆಗೆದುಕೊಳ್ಳುವವನು ನಿಂತಿದ್ದಾನಾ, ಬಾಲ್ ಕಡೆ ಬರುತ್ತಿದ್ದಾನಾ ಅಂತ. ನಾನು ಪಂದ್ಯ ಕಟ್ಟಬಲ್ಲೆ, ನಿಂತಿರುತ್ತಾನೆ. ನಿಂತವನಿಗೆ ಪಾಸ್ ಕೊಟ್ಟರೆ ಮಧ್ಯದಲ್ಲಿ ಓಡಿ ಬಂದವನಿಗೇ ಸಿಗುವುದು.

ತ್ರೀಯಲ್ಲಿ ಎಷ್ಟು ಕೊನೇ ಎರಡು ಕ್ವಾರ್ಟರ್‌ನಲ್ಲಿ ಹೊಡೆದದ್ದು ಅಂತಲೂ ನೋಡು. ಗಿಡ್ಡ ಬೀಳುವುದಕ್ಕೆ ಗೆರೆ ಒಂದು ಕಾರಣ, ಸೋತ ಕಾಲು ಇನ್ನೊಂದು. ಮೈಮುರಿದು ಡಿಫೆನ್ಸ್ ಆಡುವ ಟೀಮು, ಬದಲಿ ಆಟಗಾರರನ್ನು ಇಳಿಸದೆ ಐದೇ ಜನ ಆಡಿದರೆ ಕಾಲಲ್ಲಿ ಏನೂ ಉಳಿದಿರಲ್ಲ. ಶಾಟ್ ಹೊಡೆಯುವುದು ಕೈಯಲ್ಲ, ಕಾಲು.

ಹಳೇ ಪೋಸ್ಟ್:

ಫ್ರೀ ಥ್ರೋ ಅಂದಿದ್ದಕ್ಕೆ ನೆನಪಾಯಿತು. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನಲ್ಲಿ ವರ್ಜೀನಿಯಾ ಅಂತ ಒಂದು ಟೀಮು. ಟೋನಿ ಬೆನೆಟ್ ಅನ್ನುವ ಕೋಚ್ ಇದ್ದರು. ನಿಮ್ಮದೇ ಕತೆ ಅವರದ್ದು, ಡಿಫೆನ್ಸಿಗೆ ಹೆಸರು, ಆಟ ನಿಧಾನ. 2018ರಲ್ಲಿ ದೊಡ್ಡ ಟೂರ್ನಿಗೆ ಒಂದನೇ ಶ್ರೇಯಾಂಕ ಹೊತ್ತು ಹೋದರು. ಮೊದಲನೇ ಮ್ಯಾಚಿನಲ್ಲೇ ಹದಿನಾರನೇ ಶ್ರೇಯಾಂಕದ ಯುಎಂಬಿಸಿ ಅನ್ನುವ ಟೀಮಿನ ಮುಂದೆ 74–54ರಿಂದ ಮಣ್ಣು ಮುಕ್ಕಿದರು. ಗಂಡಸರ ಟೂರ್ನಿಯಲ್ಲಿ ಅಲ್ಲಿಯವರೆಗೆ ಹಾಗೆ ಆಗಿರಲೇ ಇಲ್ಲ. ಅರ್ಧ ಆಟಕ್ಕೆ 21–21 ಇತ್ತು. ಆಮೇಲೆ ಎದುರಿನವರು ಹಾಕುತ್ತಾ ಹೋದರು, ಇವರಿಗೆ ಬೆನ್ನಟ್ಟಲು ಆಗಲಿಲ್ಲ. ಹಿಂದೆ ಬಿದ್ದಾಗ ಬೇಗ ಬೇಗ ಪಾಯಿಂಟು ಹಾಕುವ ಅಭ್ಯಾಸವೇ ಇಲ್ಲದಿದ್ದರೆ ಹಾಗೇ.

ಮರುವರ್ಷ 2019ರಲ್ಲಿ ಅದೇ ಕೋಚ್, ಅದೇ ಡಿಫೆನ್ಸ್, ಆಡಿದವರಲ್ಲೂ ಬಹಳಷ್ಟು ಜನ ಅವರೇ, ಚಾಂಪಿಯನ್ ಆದರು. ಸೆಮಿಫೈನಲ್‌ನಲ್ಲಿ ಆಬರ್ನ್ ಮೇಲೆ ಎರಡು ಪಾಯಿಂಟು ಹಿಂದಿದ್ದರು, 0.6 ಸೆಕೆಂಡು ಬಾಕಿ. ಕೈಲ್ ಗೈ ಅನ್ನುವ ಹುಡುಗನಿಗೆ ಮೂರು ಫ್ರೀ ಥ್ರೋ ಸಿಕ್ಕಿತು. ಮೂರೂ ಹಾಕಿದ. 63–62. ಫೈನಲ್‌ನಲ್ಲಿ ಟೆಕ್ಸಾಸ್ ಟೆಕ್ ಮೇಲೆ ಹೆಚ್ಚುವರಿ ಸಮಯದಲ್ಲಿ 85–77. ಆ ಟೆಕ್ಸಾಸ್ ಟೆಕ್ ಕೂಡ ಡಿಫೆನ್ಸ್ ಟೀಮೇ. ಎರಡು ಡಿಫೆನ್ಸ್ ಟೀಮು ಸೇರಿ ಅಷ್ಟು ಪಾಯಿಂಟು ಹಾಕಿದ್ದು ನೋಡಿ ನನಗೆ ಖುಷಿಯೋ ಖುಷಿ.

ಫ್ರೀ ಥ್ರೋ ಹೇಗೆ ಅಭ್ಯಾಸ ಮಾಡುತ್ತೀರಿ? ಒಬ್ಬನೇ ನಿಂತು ಐವತ್ತು ಹೊಡೆಯುವುದಾದರೆ ಬಿಟ್ಟುಬಿಡಿ. ಮ್ಯಾಚಿನಲ್ಲಿ ಯಾರಿಗೂ ಐವತ್ತು ಸಿಗಲ್ಲ. ಎರಡು ಸಿಗುತ್ತವೆ, ಅದೂ ಏದುಸಿರು ಬಿಡುವಾಗ. ಕೋರ್ಟಿನ ಈ ತುದಿಯಿಂದ ಆ ತುದಿಗೆ ಎರಡು ಸಲ ಓಡಿ ಬಂದು, ತಕ್ಷಣ ಎರಡು ಹೊಡೆಯಿರಿ. ಬಿಟ್ಟರೆ ಪೂರ್ತಿ ಟೀಮು ಮತ್ತೆ ಓಡಬೇಕು. ಎರಡು ದಿನದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೈಯ್ಯೋಕೆ ಶುರು ಮಾಡುತ್ತಾರೆ, ಆಗ ಸರಿದಾರಿಗೆ ಬಂದಿದೆ ಅಂತ ತಿಳಿ.

ಮುಧೋಳ ಎಕ್ಸ್‌ಪ್ರೆಸ್:

ಈಗ ಸೀರಿಯಸ್ಸಾಗಿ ಒಂದು ಮಾತು, ನಾನೂ ಕಬಡ್ಡಿಯವನೇ. ನಮ್ಮಲ್ಲಿ ಕ್ಯಾಚ್ ಹಿಡಿದ ಮೇಲೆ ಖುಷಿಯಲ್ಲಿ ತೊಡೆ ತಟ್ಟಿ ನಿಲ್ಲುವುದಿಲ್ಲ, ಮುಂದಿನ ರೇಡಿಗೆ ಯಾರು ಹೋಗಬೇಕು ಅಂತ ಮೊದಲೇ ಗೊತ್ತಿರುತ್ತದೆ. ನಿಮ್ಮ ಕಬಡ್ಡಿ ಹುಡುಗರಿಗೆ ಡಿಫೆನ್ಸ್ ಅಂದರೆ ಕ್ಯಾಚ್ ಅಂತ ಅರ್ಥ ಆಗಿದೆ, ಆದರೆ ಬಾಸ್ಕೆಟ್‌ಬಾಲ್‌ನಲ್ಲಿ ಅವರು ರೇಡರ್ ಅಲ್ಲ ಅಂತ ಯಾರು ಹೇಳಿದ್ದು? ಆರು ಅಡಿಯವನೊಬ್ಬನೇ ರೇಡಿಗೆ ಹೋದರೆ ಎದುರಿನವರು ಏಳೂ ಜನ ಅವನಿಗೇ ಕಾದಿರುತ್ತಾರೆ. ಬಾಲ್ ಕಿತ್ತ ಕೂಡಲೇ ಯಾರು ಎಡಬದಿ ಓಡಬೇಕು, ಯಾರು ಬಲಬದಿ ಅಂತ ಮೊದಲೇ ಹೇಳಿಟ್ಟುಬಿಡು. ನೋಡಿ ಓಡುವುದಲ್ಲ, ಕಣ್ಣು ಮುಚ್ಚಿ ಓಡುವುದು.

ಹಳೇ ಪೋಸ್ಟ್:

ಮೊದಲೇ ಹೀಗೆ ಮಾತಾಡಬಾರದಿತ್ತಾ? ನೂರಕ್ಕೆ ನೂರು ಸರಿ.

ನವನಗರ ಗಾರ್ಡ್:

ಅಳೆದೆವು. ತ್ರೀ ಗೆರೆ 6 ಮೀಟರ್ 24 ಸೆಂಟಿಮೀಟರ್. ಸರ್, ನಿಮ್ಮ ಕಾಲು ಎಲ್ಲಿದೆ ಹೇಳಿ, ಮುಟ್ಟಿ ನಮಸ್ಕಾರ ಮಾಡಬೇಕು. ರಿಂಗಿನ ಎತ್ತರ ಒಂದು ಕಡೆ ಸರಿ ಇದೆ, ಇನ್ನೊಂದು ಕಡೆ ನಾಲ್ಕು ಸೆಂಟಿಮೀಟರ್ ಕಡಿಮೆ. ನಾವೆಲ್ಲಾ ಯಾವ ಕಡೆಯ ರಿಂಗಿಗೆ ಪ್ರಾಕ್ಟೀಸ್ ಮಾಡಲು ಜಗಳ ಆಡುತ್ತಿದ್ದೆವು ಅಂತ ಬೇರೆ ಹೇಳಬೇಕಾ.

ಅಕ್ಕಾ, ಪಂದ್ಯ ನೀವೇ ಗೆದ್ದಿರಿ. ಹನ್ನೊಂದರಲ್ಲಿ ಎಂಟು ಪಾಸಿನಲ್ಲಿ ತೆಗೆದುಕೊಳ್ಳುವವನು ನಿಂತೇ ಇದ್ದಾನೆ. 17 ತ್ರೀಯಲ್ಲಿ 11 ಕೊನೇ ಎರಡು ಕ್ವಾರ್ಟರ್‌ನವು, ಅದರಲ್ಲಿ ಒಂದೂ ಬಿದ್ದಿಲ್ಲ. ನಾವು ಪೂರ್ತಿ 40 ನಿಮಿಷ ಆರೇ ಜನ ಆಡಿದ್ದೇವೆ. ಬೆಂಚಿನಲ್ಲಿ ಕೂತವರು ಡಿಫೆನ್ಸ್ ಸಡಿಲ ಮಾಡುತ್ತಾರೆ ಅನ್ನುವ ಹೆದರಿಕೆ ನನ್ನದು.

ಒಂದು ವಾರದಿಂದ ತ್ರೀ ನಿಲ್ಲಿಸಿದ್ದೇವೆ. ಎಡಗೈ ಲೇಅಪ್, ಓಡಿ ಬಂದು ಎರಡು ಫ್ರೀ ಥ್ರೋ, ಆಮೇಲೆ ಮೂವರು ಹೋಗಿ ಇಬ್ಬರ ಎದುರು ಹಾಕುವುದು. "ಸೆಟ್ ಸೆಟ್" ಅಂತ ಕೂಗಿದರೆ ನಾನು ಹತ್ತು ಪುಶ್‌ಅಪ್ ಹೊಡೆಯಬೇಕು ಅಂತ ಹುಡುಗರು ನಿಯಮ ಮಾಡಿದ್ದಾರೆ. ಮೊದಲ ದಿನ ಅರವತ್ತು ಹೊಡೆದೆ.

ಈಗ ಹೊಸ ತೊಂದರೆ. ಶನಿವಾರ ಊರಿನ ಸೀನಿಯರ್ ಹುಡುಗರ ಜೊತೆ ಆಡಿದೆವು. ನಾವು ಓಡುತ್ತೇವೆ ಅಂತ ಗೊತ್ತಾದ ಕೂಡಲೇ ಅವರು ಹಿಂದೆ ಹೋಗಿ 2–3 ಝೋನ್ ಹಾಕಿ ನಿಂತರು, ಅಂದರೆ ಮುಂದೆ ಇಬ್ಬರು, ಹಿಂದೆ ಮೂವರು, ಆಳಿನ ಬದಲು ಜಾಗ ಕಾಯುವುದು. ಮೊದಲ ಎರಡು ಕ್ವಾರ್ಟರ್ 24 ಹಾಕಿದ್ದವರು ಆಮೇಲೆ 17ಕ್ಕೆ ನಿಂತೆವು. 41 ಆಯಿತು, ನಮಗೆ ಅದೇ ದಾಖಲೆ, ಆದರೂ 43–41ರಿಂದ ಸೋತೆವು. ಝೋನ್ ಒಡೆಯುವುದು ಹೇಗೆ?

ನಿವೃತ್ತ ಪಿಟಿ, ಟಿಳಕವಾಡಿ:

2–3 ಝೋನಿನ ಬಾಯಿ ಇರುವುದು ನಡುವೆ, ಫ್ರೀ ಥ್ರೋ ಗೆರೆಯ ಹತ್ತಿರ. ಮುಂದಿನ ಇಬ್ಬರಿಗೂ ಹಿಂದಿನ ಮೂವರಿಗೂ ಆ ಜಾಗ ಯಾರದು ಅಂತ ಗೊತ್ತಿರಲ್ಲ. ನೀವು 1–3–1 ನಿಲ್ಲಿ. ಮೇಲೆ ನೀನು, ಎಡಬಲ ಇಬ್ಬರು, ನಡುವೆ ಒಬ್ಬ, ಕೆಳಗೆ ಬೇಸ್‌ಲೈನ್ ಮೇಲೆ ಒಬ್ಬ ಅತ್ತಿಂದಿತ್ತ ಓಡಾಡುವವನು. ನಡುವಿನ ಜಾಗಕ್ಕೆ ಎತ್ತರದವನನ್ನು ಹಾಕಬೇಡ. ಅಲ್ಲಿ ಬಾಲ್ ಹಿಡಿದು ತಿರುಗಿ ನೋಡಿ ಪಾಸ್ ಕೊಡುವ ಬುದ್ಧಿ ಇರುವವನು ಬೇಕು, ಅವನು ಐದೂವರೆ ಅಡಿ ಇದ್ದರೂ ನಡೆಯುತ್ತದೆ. ಎತ್ತರದವನು ಕೆಳಗಿರಲಿ, ಹೊಸ ಅಳತೆಯ ಹತ್ತಿರದ ಜಾಗದಲ್ಲಿ. ಮೂರು ಸೆಕೆಂಡು ಎಲ್ಲರೂ ಮನಸ್ಸಿನಲ್ಲೇ ಎಣಿಸಿ.

ಝೋನ್ ಎದುರು ಡ್ರಿಬಲ್ ಕಡಿಮೆ ಮಾಡು. ಬಾಲ್ ಓಡುವಷ್ಟು ಜೋರಾಗಿ ಯಾವ ಮನುಷ್ಯನೂ ಓಡಲ್ಲ. ಇನ್ನು, ಅವರು ಝೋನ್ ಕಟ್ಟುವ ಮೊದಲೇ ಹೋಗಿಬಿಟ್ಟರೆ ಒಡೆಯುವ ಪ್ರಶ್ನೆಯೇ ಇಲ್ಲ. ಇದನ್ನು ಬ್ಯಾಂಕಿನ ಸಾಹೇಬರು ಮೊದಲೇ ಹೇಳಿದ್ದಾರೆ, ಒಪ್ಪಿಕೊಳ್ಳುತ್ತೇನೆ.

ಹಳೇ ಪೋಸ್ಟ್:

ಸರ್ ಒಪ್ಪಿಕೊಂಡರು. ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೇನೆ.

ಟೇಬಲ್ ಅಕ್ಕ:

43–41 ಸೋಲಿನಲ್ಲಿ ಫ್ರೀ ಥ್ರೋ ಎಷ್ಟಕ್ಕೆ ಎಷ್ಟು? ಶಾಟ್ ಹೊಡೆಯದೇ ಕಳೆದುಕೊಂಡದ್ದು ಎಷ್ಟು? ಎಣಿಸದೆ ಇಲ್ಲಿಗೆ ಬರಬೇಡ ಅಂತ ಹೇಳಿದ್ದೆ.

ನವನಗರ ಗಾರ್ಡ್:

16ಕ್ಕೆ 11 ಅಕ್ಕಾ. ಕಳೆದುಕೊಂಡದ್ದು 17. ಬೆಂಚಿನವರೂ ಸೇರಿ ಒಂಬತ್ತು ಜನರನ್ನು ಆಡಿಸಿದೆ, ಡಿಫೆನ್ಸ್ ಸ್ವಲ್ಪ ಸಡಿಲ ಆದದ್ದು ನಿಜ, ಆದರೆ ಕೊನೇ ಕ್ವಾರ್ಟರ್‌ನಲ್ಲಿ ಯಾರೂ ಮೊಣಕಾಲು ಹಿಡಿದು ನಿಲ್ಲಲಿಲ್ಲ.

ಸರ್, ಇನ್ನೊಂದು. ಗೆರೆ ಹೊಸದಾಗಿ ಬಳಿಯಲು ಕಾಲೇಜಿನಲ್ಲಿ ಒಪ್ಪಿದ್ದಾರೆ, ಬಣ್ಣದ ಖರ್ಚು ಮಾತ್ರ ನಮ್ಮದೇ. ತಲಾ ನೂರು ರೂಪಾಯಿ ಎತ್ತಿದ್ದೇವೆ. ಸುಣ್ಣ ಬಳಿದರೆ ನಡೆಯುತ್ತದಾ?

ನಿವೃತ್ತ ಪಿಟಿ, ಟಿಳಕವಾಡಿ:

ಸುಣ್ಣ ಬೇಡವೇ ಬೇಡ, ಕಾಲು ಜಾರುತ್ತದೆ, ಎರಡು ದಿನದಲ್ಲಿ ಬೂಟಿಗೆ ಅಂಟಿಕೊಂಡು ಹೋಗುತ್ತದೆ. ರಸ್ತೆಗೆ ಬಳಿಯುವ ಬಿಳಿ ಬಣ್ಣ ಕೇಳಿ ತೆಗೆದುಕೊಳ್ಳಿ. ಗೆರೆ 5 ಸೆಂಟಿಮೀಟರ್ ಅಗಲ. ಕಲ್ಲು ಇಳಿಬಿಟ್ಟ ಜಾಗದಲ್ಲಿ ಒಬ್ಬ ಹಗ್ಗದ ತುದಿ ಒತ್ತಿ ಹಿಡಿಯಲಿ, 6.75ಕ್ಕೆ ಗಂಟು ಹಾಕಿ ಸೀಮೆಸುಣ್ಣ ಕಟ್ಟಿ ಸುತ್ತು. ಎರಡು ಪಕ್ಕದಲ್ಲಿ ಮಾತ್ರ ಕಮಾನು ಅಲ್ಲ, ಸೈಡ್‌ಲೈನಿನಿಂದ 90 ಸೆಂಟಿಮೀಟರ್ ಒಳಗೆ ನೇರ ಗೆರೆ ಬರಬೇಕು. ಹಳೇ ಗೆರೆಯನ್ನು ಮೊದಲು ಸಿಮೆಂಟ್ ಬಣ್ಣದಲ್ಲಿ ಮುಚ್ಚಿ, ಇಲ್ಲದಿದ್ದರೆ ಎರಡು ಗೆರೆ ನೋಡಿ ಹುಡುಗರು ಹಳೇದರ ಮೇಲೇ ಹೋಗಿ ನಿಲ್ಲುತ್ತಾರೆ. ಹಗಲು ಬಳಿಯಬೇಡಿ, ನಿಮ್ಮೂರ ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಬ್ರಷ್ ಎತ್ತುವ ಮೊದಲೇ ಬಣ್ಣ ಒಣಗಿಬಿಡುತ್ತದೆ. ಹೊತ್ತು ಮುಳುಗಿದ ಮೇಲೆ ಶುರು ಮಾಡಿ, ಎರಡು ದಿನ ಯಾರನ್ನೂ ಕಾಲಿಡಲು ಬಿಡಬೇಡಿ.

ಮುಧೋಳ ಎಕ್ಸ್‌ಪ್ರೆಸ್:

ಯಾವತ್ತು ಬಳಿಯುತ್ತೀರಿ ಹೇಳಿ, ನಾನೂ ಬೈಕ್ ಹತ್ತಿ ಬರ್ತೀನಿ. ನಮ್ಮ ಮಾವ ಪೇಂಟರ್, ಬ್ರಷ್ ಅವರದು. ಗಿರ್ಮಿಟ್ಟು, ಮಿರ್ಚಿ ನಿಮ್ದು.

ನವನಗರ ಗಾರ್ಡ್:

ಶುಕ್ರವಾರ ಸಂಜೆ ಆರಕ್ಕೆ. ಹಗ್ಗ ಮಾತ್ರ ಇಲ್ಲ, ಅದನ್ನೂ ತಂದುಬಿಡಿ.